ರಾಯಪ್ಪ, ಚಿನ್ನಪ್ಪ ಮತ್ತು ನಮ್ಮ ತಂದೆಯವರ ಹಗ್ಗ

ನನ್ನ ತಂದೆಯವರಾದ ದಿವಂಗತ ಜೋಜಪ್ಪನವರು ಚಿಕ್ಕಪೇಟೆಯ ಇಬ್ಬರು ನಿರಪರಾಧಿ ಸಹೋದರರನ್ನು ನೇಣಿಗೇರಿಸಿದರೆಂದು ಚಾಮರಾಜಪೇಟೆಯ ನಮ್ಮ ದೇವಾಲಯದ ಸ್ಮರಣ ಸಂಚಿಕೆಯಲ್ಲಿ, ಹೂಬಳ್ಳಿಯ ಅಂಚಿನ ನಡುವೆ, ಭಾವಚಿತ್ರಸಮೇತ ಅಚ್ಚಾಗಿದೆ. ಇದು ಸುಳ್ಳು. ಅವರು ಯಾರನ್ನೂ ನೇಣಿಗೇರಿಸಲಿಲ್ಲ. ಕ್ರಿಸ್ಮಸ್ಸಿಗೆ ಕೋಳಿ ಕುಯ್ಯಬೇಕಾದಾಗಲೂ ಅದನ್ನು ಅಮ್ಮನ ಕೈಗೆ ಕೊಟ್ಟು, ತಾವು ಬೀದಿಯ ತುದಿಗೆ ಹೋಗಿ ಆಚೆ ತಿರುಗಿ ನಿಲ್ಲುತ್ತಿದ್ದ ಮನುಷ್ಯ ಅವರು.

ಇದಾಗಿ ಕೆಲವು ವರ್ಷಗಳು ಕಳೆದವು, ಮರೆತುಬಿಡಿ ಎಂದು ಹೇಳುವ ಹಿತೈಷಿಗಳು ನನಗೆ ಬೇಕಾದಷ್ಟು ಮಂದಿ ಇದ್ದಾರೆ. ಮರೆಯುವುದು ನನ್ನ ಕೈಯಲ್ಲಾಗದ ಕೆಲಸ. ನನ್ನ ಮಗಳ ಮದುವೆಯ ಪ್ರಕಟಣೆಯನ್ನು ಬಲಿಪೂಜೆಯ ಕೊನೆಯಲ್ಲಿ ಓದುವಾಗ ‘ಇನ್ನಾಸಪ್ಪನವರ ಪುತ್ರಿ’ ಎನ್ನುವ ಬದಲು ‘ಇನ್ನಷ್ಟಪ್ಪನವರ ಪುತ್ರಿ’ ಎಂದವರು ಯಾರು, ಅದಕ್ಕೆ ನಕ್ಕವರು ಯಾರು, ಅವರು ಎಷ್ಟನೆಯ ಬೆಂಚಿನಲ್ಲಿ ಕುಳಿತಿದ್ದರು ಎಂಬುದೆಲ್ಲ ಈಗಲೂ ನನಗೆ ಬಾಯಿಪಾಠ. ಆದರೂ ಸಂಚಿಕೆಯ ವಿಷಯವನ್ನು ಒಂದು ಮೂಲೆಗೆ ಸರಿಸಿಟ್ಟಿದ್ದೆ. ಮೊನ್ನೆ ಗಾಂಧಿಬಜಾರಿನಲ್ಲಿ ಹುರಿದ ಕಡಲೆಕಾಯಿ ಕೊಂಡೆ. ಒಂದೊಂದೇ ಸುಲಿದು ತಿನ್ನುತ್ತಾ ಬರುವಾಗ ಪೊಟ್ಟಣದ ತಳದಲ್ಲಿ ಯಾರೋ ಪರಿಚಿತರು ನನ್ನನ್ನೇ ನೋಡುತ್ತಿರುವಂತೆ ತೋರಿತು. ಬಿಚ್ಚಿದೆ. ನಮ್ಮ ತಂದೆಯವರು! ಹಣೆಯ ಮೇಲೆ ಒಂದಿಷ್ಟು ಉಪ್ಪು, ಕೆಳಗೆ ದಪ್ಪ ಅಕ್ಷರದಲ್ಲಿ ‘ನೇಣುಗಾರ ಜೋಜಪ್ಪ’. ಇಷ್ಟಾದ ಮೇಲೂ ಸುಮ್ಮನಿರಬೇಕೇ, ನೀವೇ ಹೇಳಿ.

ಮೊದಲು ರಾಯಪ್ಪ, ಚಿನ್ನಪ್ಪ ಯಾರು ಎಂಬುದನ್ನು ತಿಳಿಸಬೇಕು. ನಮ್ಮ ಹಳೆಯ ಕನ್ನಡ ಕಥೋಲಿಕರು ಸಂತರನ್ನು ತಮ್ಮ ನಾಲಿಗೆಗೆ ಒಗ್ಗುವ ಹೆಸರುಗಳಿಂದ ಮನೆಗೆ ಬರಮಾಡಿಕೊಂಡವರು. ಸಂತ ಜೋಸೆಫರು ನಮಗೆ ಜೋಜಪ್ಪ, ಸಂತ ಇಗ್ನೇಷಿಯಸ್ಸರು ಇನ್ನಾಸಪ್ಪ. ಹಾಗೆಯೇ ಸಂತ ಪೀಟರ್ ರಾಯಪ್ಪ, ಸಂತ ಪಾಲ್ ಚಿನ್ನಪ್ಪ. ಇಬ್ಬರಿಗೂ ಒಂದೇ ದಿನ ಹಬ್ಬ. ಮುಂದೆ ಹೊಸ ಪ್ರಾರ್ಥನಾಪುಸ್ತಕಗಳು ಬಂದು ಅವರನ್ನು ಪೇತ್ರ, ಪೌಲ ಎಂದು ತಿದ್ದಿದವು. ಅದರ ಮುಂದಿನ ತಲೆಮಾರು ಇಂಗ್ಲಿಷ್ ಶಾಲೆಗೆ ಹೋಗಿ ಮತ್ತೆ ಪೀಟರ್, ಪಾಲ್ ಮಾಡಿಕೊಂಡಿತು. ರಾಯಪ್ಪ, ಚಿನ್ನಪ್ಪ ಎಂಬ ಸಂತರು ಹೀಗೆ ಮುದುಕಿಯರ ಬಾಯಲ್ಲಿ ಮಾತ್ರ ಉಳಿದರು.

ಇನ್ನೊಂದು ಸಂಗತಿ. ದೇವಾಲಯಕ್ಕೆ ಗಂಟೆ ತಂದರೆ ಅದನ್ನು ಹಾಗೆಯೇ ಎತ್ತಿ ಕಟ್ಟುವುದಿಲ್ಲ. ಸ್ವಾಮಿಗಳು ಅದನ್ನು ಮಂತ್ರಿಸಿ, ತೀರ್ಥ ಚಿಮುಕಿಸಿ, ಮಗುವಿಗೆ ಇಡುವಂತೆ ಒಬ್ಬ ಸಂತರ ಹೆಸರನ್ನು ಇಡುತ್ತಾರೆ. ಜನ ಅದನ್ನು ಗಂಟೆಯ ಜ್ಞಾನಸ್ನಾನ ಎಂದೇ ಕರೆಯುತ್ತಾರೆ. ನಮ್ಮ ಗೋಪುರದ ಎರಡು ಗಂಟೆಗಳ ಹೆಸರು ರಾಯಪ್ಪ ಮತ್ತು ಚಿನ್ನಪ್ಪ. ಮುಗಿಯಿತು. ಇಡೀ ಪ್ರಕರಣದ ರಹಸ್ಯ ಇಷ್ಟೇ. ಇಷ್ಟನ್ನು ತಿಳಿಯಲು ಒಂದು ಸಮಿತಿಗೆ ಸಾಧ್ಯವಾಗಲಿಲ್ಲವೆಂದರೆ ಅದನ್ನು ನಾನು ಸಣ್ಣ ಸಾಧನೆಯೆಂದು ತಿಳಿಯುವುದಿಲ್ಲ.

ನಮ್ಮ ದೇವಾಲಯವನ್ನು ಕಟ್ಟಿದವರು ಶ್ರೀಮಂತರಲ್ಲ. ಕಾಟನ್‌ಪೇಟೆಯಾಚೆಯ ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದವರು, ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುತ್ತಿದ್ದವರು, ಬಡಗಿಗಳು. ಇವರನ್ನೆಲ್ಲ ಒಟ್ಟುಗೂಡಿಸಿದವರು ಫ್ರಾನ್ಸ್ ದೇಶದಿಂದ ಬಂದಿದ್ದ ಉದ್ದ ಗಡ್ಡದ ಸ್ವಾಮಿಗಳೊಬ್ಬರು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಆದರೆ ಯಾರಿಗೆ ಬಹುವಚನ, ಯಾರಿಗೆ ಏಕವಚನ ಎಂಬುದು ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ದೇವರನ್ನೂ ಅಡುಗೆಯವನನ್ನೂ ‘ನೀವು’ ಎನ್ನುತ್ತಿದ್ದರು, ಅಮಲ್ದಾರರನ್ನು ‘ಬಾರೋ’ ಎಂದು ಕರೆದಿದ್ದರಂತೆ. ಗಂಟೆಗಳಿಗೂ ಅವರು ತೋರಿದ್ದು ಪೂರ್ಣ ಗೌರವ. ‘ಚಿನ್ನಪ್ಪನವರು ಇಂದು ಏಕೆ ಮಾತಾಡಲಿಲ್ಲ?’ ಎಂದು ತಂದೆಯವರನ್ನು ವಿಚಾರಿಸುತ್ತಿದ್ದರಂತೆ.

ಗಂಟೆಗಳು ರೈಲಿನಲ್ಲಿ ಬಂದು ಸಿಟಿ ಸ್ಟೇಷನ್ನಿನಲ್ಲಿ ಇಳಿದವು. ಅಲ್ಲಿಂದ ಚಾಮರಾಜಪೇಟೆ ಎಷ್ಟು ಮಹಾ ದೂರ? ಆದರೆ ಗಾಡಿಯವನು ಅದೇ ಬಾಡಿಗೆಯಲ್ಲಿ ತರಗುಪೇಟೆಗೆ ಹಾಕಬೇಕಾದ ತೊಗರಿಬೇಳೆಯ ಮೂಟೆಗಳನ್ನೂ ಏರಿಸಿಕೊಂಡಿದ್ದ. ಹತ್ತಿರದ ದಾರಿಯೆಂದು ಚಿಕ್ಕಪೇಟೆಯ ಗಲ್ಲಿಗೆ ನುಗ್ಗಿಸಿದ. ಗಾಡಿ ಎರಡು ಜವಳಿ ಅಂಗಡಿಗಳ ನಡುವೆ ಬಿರಡೆಯಂತೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅಂಗಡಿಯ ಶೆಟ್ಟರು ಹೊರಬಂದು ನೋಡಿ, ಗಂಟೆಯೆಂದ ಮೇಲೆ ದೇವರದೇ ತಾನೆ ಎಂದು ಎರಡಕ್ಕೂ ಕುಂಕುಮ ಹಚ್ಚಿ, ಹೂವು ಮುಡಿಸಿ, ಮಂಗಳಾರತಿ ಎತ್ತಿ, ಆಮೇಲೆ ತಮ್ಮ ಆಳುಗಳನ್ನು ಕರೆಸಿ ಗಾಡಿಯನ್ನು ಹಿಂದಕ್ಕೆ ನೂಕಿಸಿದರಂತೆ. ಹೀಗೆ ಹಣೆಗೆ ಕುಂಕುಮವಿಟ್ಟುಕೊಂಡು, ಬೇಳೆಯ ಧೂಳಿನಲ್ಲಿ ಮಿಂದು, ರಾಯಪ್ಪ ಚಿನ್ನಪ್ಪ ಚಾಮರಾಜಪೇಟೆಗೆ ಚಿತ್ತೈಸಿದರು.

ಅವುಗಳನ್ನು ಮೇಲಕ್ಕೆ ಏರಿಸಿದವರು ನಮ್ಮ ತಂದೆಯವರು. ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು, ರಾಟೆ ಸರಪಳಿಗಳ ಕೆಲಸ ಬಲ್ಲವರು. ಹಗ್ಗ ಹಾಕಿ, ರಾಟೆ ಕಟ್ಟಿ, ಊರೆಲ್ಲ ಕತ್ತೆತ್ತಿ ನೋಡುತ್ತಿರುವಾಗ ಮೊದಲು ರಾಯಪ್ಪನನ್ನೂ ನಂತರ ಚಿನ್ನಪ್ಪನನ್ನೂ ಎಳೆದು ತೊಲೆಗೆ ತೂಗುಹಾಕಿದರು. ಅಂದಿನಿಂದ ಅವುಗಳನ್ನು ಬಾರಿಸುವ ಹೊಣೆಯೂ ಅವರದೇ ಆಯಿತು.

ನನ್ನ ಬಾಲ್ಯವೆಲ್ಲ ಈ ಇಬ್ಬರ ಧ್ವನಿಯ ಕೆಳಗೆ ಕಳೆಯಿತು. ರಾಯಪ್ಪನದು ತುಂಬಿದ ಗಂಟಲು, ಚಿನ್ನಪ್ಪನದು ಕೀರಲು. ‘ರಾಯಪ್ಪ ಕೂಗ್ದ, ಇನ್ನೂ ಬಿದ್ಕೊಂಡಿದೀಯಲ್ಲೋ’ ಎಂದು ಅಮ್ಮ ಕಂಬಳಿ ಎಳೆಯುತ್ತಿದ್ದಳು. ಗಿರಣಿಯ ಸೈರನ್ನಿಗೂ ರಾಯಪ್ಪನಿಗೂ ದಿನವೂ ಪೈಪೋಟಿ. ತಂದೆಯವರು ಸೈರನ್ನಿಗಿಂತ ಮುಂಚೆ ದೇವರ ಹೆಸರು ಕೇಳಬೇಕೆಂದು ಹಟ ಹಿಡಿದಿದ್ದರು. ಬಾರಿಸಿ, ಇಳಿದು, ಗಿರಣಿಯ ಗೇಟಿನತ್ತ ಓಡುತ್ತಿದ್ದರು. ಪಕ್ಕದ ರಸ್ತೆಯ ಅನಂತಾಚಾರ್ಯರು ಸಂಧ್ಯಾವಂದನೆಗೆ ಕೂರುತ್ತಿದ್ದದ್ದು ರಾಯಪ್ಪನ ಕೂಗಿಗೆ. ಒಮ್ಮೆ ತಂದೆಯವರಿಗೆ ಜ್ವರ ಬಂದು ಗಂಟೆ ತಡವಾದಾಗ ಆಚಾರ್ಯರು ನಮ್ಮ ಮನೆಯ ಗೇಟಿನ ಹೊರಗೆ ನಿಂತು, ‘ಏನ್ರೀ ಜೋಜಪ್ಪ, ನಿಮ್ಮ ರಾಯಪ್ಪನಿಂದ ಇವತ್ತು ನಂಗೆ ಕರ್ಮಲೋಪ ಆಯ್ತಲ್ರೀ!’ ಎಂದು ರೇಗಿ ಹೋದದ್ದು ನನಗೆ ಚೆನ್ನಾಗಿ ನೆನಪಿದೆ.

ಚಿನ್ನಪ್ಪನ ಬಾಯಿ ಒಂದು ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ದಿನ ಸೀಳಿತು. ಯೇಸುಸ್ವಾಮಿ ಶಿಲುಬೆಗೇರಿದ ಶುಭಶುಕ್ರವಾರ ಗಂಟೆ ಬಾರಿಸುವಂತಿಲ್ಲವಷ್ಟೆ. ಆ ಮೌನವನ್ನೆಲ್ಲ ಒಟ್ಟಿಗೆ ತೀರಿಸಿಕೊಳ್ಳುವ ಉತ್ಸಾಹದಲ್ಲಿ ಯಾರೋ ತರುಣರು ಎಳೆದ ಏಟಿಗೆ ಬಿರುಕು ಬಿಟ್ಟಿತು. ಆಮೇಲೆ ಅದು ಮಾತಾಡಲಿಲ್ಲ. ರಾಯಪ್ಪ ಒಬ್ಬನೇ ಬಹುಕಾಲ ದುಡಿದ. ತೊಂಬತ್ತರ ದಶಕದಲ್ಲಿ ಯಾರೋ ಪುಣ್ಯಾತ್ಮರು ಗಂಟೆಯ ಶಬ್ದವನ್ನು ತುಂಬಿಸಿದ ಒಂದು ಪೆಟ್ಟಿಗೆಯನ್ನೂ ನಾಲ್ಕು ಧ್ವನಿವರ್ಧಕಗಳನ್ನೂ ದಾನ ಮಾಡಿದರು. ಗುಂಡಿ ಒತ್ತಿದರೆ ರೋಮಾಪುರಿಯ ಗಂಟೆ ಮೊಳಗುತ್ತದೆ, ಅದರ ಕೊನೆಯಲ್ಲಿ ಒಬ್ಬ ಮನುಷ್ಯ ಕೆಮ್ಮುವ ಸದ್ದೂ ಕೇಳುತ್ತದೆ. ಹಗ್ಗವನ್ನು ಬಿಚ್ಚಿ ಬಿಸಾಡಿದರು. ಗೋಪುರದ ಬಾಗಿಲಿಗೆ ಬೀಗ ಬಿತ್ತು.

ಈ ಸ್ಥಿತಿಯಲ್ಲಿ, ಹೊಸ ಶತಮಾನದ ಆರಂಭದ ವರ್ಷಗಳಲ್ಲಿ, ಧರ್ಮಕೇಂದ್ರದ ಇತಿಹಾಸವನ್ನು ಬರೆಯಲು ಸಮಿತಿಯೊಂದು ರಚನೆಯಾಯಿತು. ದೇವಾಲಯದ ಗುರುಗಳು ಮಂಗಳೂರಿನ ಕಡೆಯವರು, ಆಗತಾನೆ ವರ್ಗವಾಗಿ ಬಂದಿದ್ದರು. ಕಾರ್ಯದರ್ಶಿ ವಿನ್ಸೆಂಟ್ ಎಂಬ ಬ್ಯಾಂಕಿನ ಅಧಿಕಾರಿ, ಮರ್ಯಾದಸ್ಥ ಹುಡುಗ, ಕಿವಿ ಮಾತ್ರ ಅರ್ಧ ವಾಕ್ಯಕ್ಕೆ ಮುಚ್ಚಿಕೊಳ್ಳುತ್ತದೆ. ನಾನಾದರೋ ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ನಿವೃತ್ತಿಯವರೆಗೂ ಕರಡು ತಿದ್ದಿದವನು. ಒಂದು ಲಗ್ನಪತ್ರಿಕೆಯಲ್ಲಿ ‘ವಧು’ವಿನ ಜಾಗದಲ್ಲಿ ‘ವಧೆ’ ಎಂದು ಮೊಳೆ ಕೂಡಿದ್ದನ್ನು ಕೊನೆಯ ಗಳಿಗೆಯಲ್ಲಿ ಹಿಡಿದು ಒಂದು ಸಂಸಾರವನ್ನು ಉಳಿಸಿದವನು. ಕರಡನ್ನು ನನಗೊಮ್ಮೆ ತೋರಿಸಿರೆಂದು ನಾನಾಗಿಯೇ ಹೋಗಿ ಕೇಳಿದೆ.

‘ಅಯ್ಯೋ, ನಿಮಗ್ಯಾಕೆ ತೊಂದ್ರೆ ಸರ್? ಈಗೆಲ್ಲ ಕಂಪ್ಯೂಟರ್ನಲ್ಲೇ ಆಗ್ಬಿಡುತ್ತೆ. ಪ್ರೂಫ್ ಅನ್ನೋದೇ ಇರಲ್ಲ’ ಎಂದ ವಿನ್ಸೆಂಟ್.

ಪ್ರೂಫ್ ಎನ್ನುವುದೇ ಇರುವುದಿಲ್ಲ ಎಂಬ ಆ ಮಾತು ಎರಡೂ ಅರ್ಥದಲ್ಲಿ ನಿಜವಾಯಿತು.

ಸಂಚಿಕೆ ಬಿಡುಗಡೆಯಾದ ಭಾನುವಾರ ನಾನು ಅದನ್ನು ಎರಡನೆಯ ಬೆಂಚಿನಲ್ಲಿ ಕುಳಿತೇ ತೆರೆದೆ. ‘ನಮ್ಮ ಮಣ್ಣಿನ ಹುತಾತ್ಮರು’ ಎಂಬ ಲೇಖನ. ಚಿಕ್ಕಪೇಟೆಯ ರಾಯಪ್ಪ, ಚಿನ್ನಪ್ಪ ಎಂಬ ಸಹೋದರರು ಹಣೆಯಲ್ಲಿ ಕುಂಕುಮ ಧರಿಸುವ ಮನೆತನದವರು; ಎತ್ತಿನ ಗಾಡಿಯಲ್ಲಿ ಚಾಮರಾಜಪೇಟೆಗೆ ಬಂದು ಜ್ಞಾನಸ್ನಾನ ಪಡೆದರು; ಅದೇ ದಿನ ಜೋಜಪ್ಪನೆಂಬವನು ಅವರನ್ನು ಹಗ್ಗದಿಂದ ಎಳೆದು ನೇಣಿಗೇರಿಸಿದನು; ಊರೇ ನಿಂತು ನೋಡಿದರೂ ಒಬ್ಬರೂ ತಡೆಯಲಿಲ್ಲ. ಓದುತ್ತಿದ್ದಂತೆ ನನ್ನ ಪಕ್ಕದಲ್ಲಿದ್ದವರು ಮೆಲ್ಲಗೆ ಸರಿದು ಕುಳಿತರು. ಅವರೂ ಅದೇ ಪುಟದಲ್ಲಿದ್ದರು.

ನೇರವಾಗಿ ಗುರುಗಳ ಕೋಣೆಗೆ ಹೋದೆ. ವಿನ್ಸೆಂಟ್ ಅಲ್ಲಿಯೇ ಇದ್ದ. ನನ್ನ ಮುಖ ನೋಡಿ, ‘ಸರ್, ಆಧಾರ ಇಲ್ದೆ ನಾವು ಏನೂ ಹಾಕಿಲ್ಲ’ ಎಂದು ಟೇಪ್ ರೆಕಾರ್ಡರ್ ತಂದಿಟ್ಟು ಗುಂಡಿ ಒತ್ತಿದ. ಧ್ವನಿ ನಮ್ಮ ಕೇರಿಯ ಹಿರಿಯಳಾದ ಲೂರ್ದಮ್ಮನದು. ಪ್ರಶ್ನೆ ಕೇಳುತ್ತಿರುವವನು ವಿನ್ಸೆಂಟ್.

‘ಅಜ್ಜಿ, ಈ ರಾಯಪ್ಪ ಚಿನ್ನಪ್ಪ ಅಂದ್ರೆ ಯಾರು?’

‘ಅಯ್ಯೋ, ಅವರಿಲ್ದೆ ಈ ಕೋವಿಲ್ ಎಲ್ಲಪ್ಪಾ! ಚಿಕ್ಕಪೇಟೆ ಮೇಲಿಂದ ಬಂದ್ರು, ಗಾಡೀಲಿ. ಹಣೆ ಮೇಲೆ ಹಿಂಗೆ ಕುಂಕುಮ. ಸ್ವಾಮಿಗಳು ಜ್ಞಾನಸ್ನಾನ ಕೊಟ್ರು. ಆಮೇಲೆ ಜೋಜಪ್ಪ ಹಗ್ಗ ಕಟ್ಟಿ ಎಳ್ದು ಇಬ್ರನ್ನೂ ನೇತಾಕ್ದ.’

‘ನೇತಾಕ್ದ್ರಾ! ಯಾಕಜ್ಜಿ?’

‘ಯಾಕೆ ಅಂದ್ರೆ? ಕೆಳಗೆ ಇಟ್ಕೊಂಡು ಏನ್ ಮಾಡೋದು? ಅದಕ್ಕೇ ತಾನೆ ಕರ್ಸಿದ್ದು!’

‘ಜನ ಏನೂ ಅನ್ಲಿಲ್ವಾ?’

‘ಕೈ ತಟ್ಟಿದ್ರು. ಚಿನ್ನಪ್ಪ ಪಾಪ, ಬಾಯಿ ಸೀಳ್ಕೊಂಡು ಆಮೇಲೆ ಮಾತೇ ಆಡ್ಲಿಲ್ಲ. ರಾಯಪ್ಪ ಮಾತ್ರ ಗಟ್ಟಿ. ನೇತಾಡ್ಕೊಂಡೇ ಎಷ್ಟು ವರ್ಷ ಕೂಗ್ದ!’

ವಿನ್ಸೆಂಟ್ ಟೇಪನ್ನು ನಿಲ್ಲಿಸಿದ. ‘ಕೊನೇ ಮಾತು ಸ್ವಲ್ಪ ಸಾಂಕೇತಿಕ ಸರ್. ಅದನ್ನ ಬಿಟ್ಟಿದೀವಿ’ ಎಂದ.

ಓದುಗರು ಒಂದು ವಿಷಯವನ್ನು ಗಮನಿಸಬೇಕು. ಲೂರ್ದಮ್ಮ ಒಂದೇ ಒಂದು ಸುಳ್ಳು ಹೇಳಿಲ್ಲ. ಗಂಟೆ ಎಂಬುದು ನಪುಂಸಕಲಿಂಗ. ‘ಬಂದವು’ ಎನ್ನಬೇಕಾದಲ್ಲಿ ಆಕೆ ‘ಬಂದರು’ ಎಂದಳು, ಅಷ್ಟೇ. ಒಂದು ಧರ್ಮಕೇಂದ್ರದ ಇತಿಹಾಸ ಲಿಂಗವ್ಯತ್ಯಾಸವೊಂದರಿಂದ ಹೀಗೆ ಕೆಟ್ಟುಹೋದದ್ದು ನನ್ನ ವೃತ್ತಿಜೀವನದಲ್ಲಿ ಬೇರೆ ಇಲ್ಲ.

‘ರಾಯಪ್ಪ ಎಂದರೆ ಗಂಟೆಯಯ್ಯಾ! ಸಂತ ಪೀಟರನ ಹೆಸರಿನ ಗಂಟೆ!’ ಎಂದೆ. ನನ್ನ ಧ್ವನಿ ಏರಿದ್ದನ್ನು ನಾನು ಅಲ್ಲಗಳೆಯುವುದಿಲ್ಲ.

ಗುರುಗಳು ಕನ್ನಡಕ ತೆಗೆದರು. ‘ಎಂತ ಸರ್, ನಮ್ಮ ಊರಲ್ಲಿ ಪೀಟರ್ ಅಂದ್ರೆ ಪೆದ್ರು. ಈ ರಾಯಪ್ಪ ಎಲ್ಲಿಂದ ಬಂದದ್ದು ಮಾರಾಯ್ರೇ?’

ವಿನ್ಸೆಂಟ್ ಮಾತ್ರ ಗಂಭೀರವಾಗಿ ಯೋಚಿಸುತ್ತಿದ್ದ. ಕೊನೆಗೆ, ‘ಅಂದ್ರೆ ಸರ್... ನಿಮ್ಮ ತಂದೆ ಸೇಂಟ್ ಪೀಟರನ್ನೇ ನೇಣಿಗೆ ಹಾಕಿದ್ರು ಅಂತೀರಾ?’ ಎಂದ.

ಬಾಯಿಮಾತಿನಿಂದ ಪ್ರಯೋಜನವಿಲ್ಲವೆಂದು ಗೋಪುರದ ಬೀಗ ತೆಗೆಸಿದೆ. ಗುರುಗಳಿಗೆ ಮಂಡಿನೋವು, ಕೆಳಗೇ ನಿಂತರು. ನಾನೂ ವಿನ್ಸೆಂಟನೂ ಪಾರಿವಾಳಗಳ ಹೇಸಿಗೆಯ ಮೇಲೆ ಕಾಲಿಡುತ್ತಾ ಹತ್ತಿದೆವು. ಮೇಲೆ ರಾಯಪ್ಪ, ಪಕ್ಕದಲ್ಲಿ ಸೀಳುಬಾಯಿಯ ಚಿನ್ನಪ್ಪ, ಇಬ್ಬರೂ ತೂಗುತ್ತಿದ್ದರು. ಗಡ್ಡದ ಸ್ವಾಮಿಗಳು ಬಿಳಿ ಬಣ್ಣದಲ್ಲಿ ಬರೆಸಿದ್ದ ಹೆಸರುಗಳು ಮಾಸಿದ್ದರೂ ಓದುವಂತಿದ್ದವು. ನಾನು ಕೈಚಾಚಿ ತೋರಿಸಿದೆ. ವಿನ್ಸೆಂಟನ ಕಣ್ಣು ತುಂಬಿ ಬಂತು. ಗೆದ್ದೆನೆಂದು ತಿಳಿದೆ.

‘ಸರ್, ನೋಡಿ ಸರ್! ಅವರ ನೆನಪಿಗೆ ಗಂಟೆಗಳಿಗೂ ಅವರದೇ ಹೆಸರಿಟ್ಟಿದಾರೆ! ಇದಕ್ಕಿಂತ ಸಾಕ್ಷಿ ಬೇಕಾ?’ ಎಂದು ಅವನು ಕ್ಯಾಮೆರಾ ತೆಗೆದ.

ಆ ಛಾಯಾಚಿತ್ರ ಎರಡನೆಯ ಮುದ್ರಣದ ರಕ್ಷಾಪುಟದಲ್ಲಿದೆ. ಚಿತ್ರಕೃಪೆ ಎಂದು ನನ್ನ ಹೆಸರಿದೆ. ಅಲ್ಲಿಯೂ ‘ಇನ್ನಷ್ಟಪ್ಪ’ ಎಂದೇ ಇದೆ.

ಕೊನೆಯ ಆಸರೆಯಾಗಿ ಲೂರ್ದಮ್ಮನ ಮನೆಗೆ ಹೋದೆ. ಜಗುಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

‘ಲೂರ್ದಮ್ಮಕ್ಕಾ, ಅದು ಗಂಟೆ ಅಂತ ಒಂದು ಮಾತು ಹೇಳಬಾರದಿತ್ತೇ?’

‘ಆ ಹುಡುಗ ಯಾರು ಅಂತ ಕೇಳ್ದ ಕಣೋ ಇನ್ನಾಸಿ. ಏನು ಅಂತ ಕೇಳಿದ್ರೆ ಗಂಟೆ ಅಂತಿದ್ದೆ.’

‘ಈಗಲಾದರೂ ಬಂದು ಹೇಳಿ.’

ಆಕೆ ಕಾಳನ್ನು ಮೊರಕ್ಕೆ ಹಾಕಿ, ‘ಈಗ ಹೇಗೋ ಹೇಳೋದು? ನನ್ನ ಸೊಸೆ ಅವರಿಗೆ ಮೇಣದ ಬತ್ತಿ ಹಚ್ಚಿದ್ಮೇಲೆ ಟೀಚರ್ ಕೆಲಸ ಸಿಕ್ತು. ಹೇಳಿ ಆ ಕೆಲಸ ಹೋದ್ರೆ ನೀನು ಕೊಡಿಸ್ತೀಯಾ?’ ಎಂದಳು.

ಹೌದು, ಅಷ್ಟರಲ್ಲಿ ಗೋಪುರದ ಬುಡದಲ್ಲಿ ಮೇಣದ ಬತ್ತಿಗಳು ಶುರುವಾಗಿದ್ದವು. ಪರೀಕ್ಷೆಯ ಕಾಲದಲ್ಲಿ ಹುಡುಗರ ಸಾಲು ನಿಲ್ಲುತ್ತಿತ್ತು. ಗಂಟಲುನೋವಿಗೆ ಚಿನ್ನಪ್ಪ ವಿಶೇಷವೆಂದು ನಗರ್ತಪೇಟೆಯಿಂದಲೂ ಜನ ಬರತೊಡಗಿದರು. ನಾನು ಅತ್ತ ಹೋದರೆ ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ವಾರ್ಷಿಕೋತ್ಸವದಲ್ಲಿ ಯುವಕ ಸಂಘದವರು ನಾಟಕವಾಡಿದರು. ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದರು. ತಂದೆಯವರ ಪಾತ್ರಧಾರಿ ಕಪ್ಪು ಅಂಗಿ ತೊಟ್ಟು, ಗಿರಿಜಾಮೀಸೆ ಅಂಟಿಸಿಕೊಂಡು, ಗಹಗಹಿಸಿ ನಗುತ್ತಾ ಬಂದ. ನಾನು ಎದ್ದು ನಿಂತು ಪ್ರತಿಭಟಿಸಿದೆ. ನಮ್ಮ ತಂದೆಯವರಿಗೆ ಮೀಸೆಯೇ ಇರಲಿಲ್ಲವೆಂದು ಆರಂಭಿಸಿದೆ. ಅದು ನನ್ನ ಯುದ್ಧತಂತ್ರದ ತಪ್ಪು. ಸಂಘದವರು ಕ್ಷಮೆ ಕೋರಿ ಕೂಡಲೇ ಮೀಸೆಯನ್ನು ಕಿತ್ತರು. ನಗುವನ್ನೂ ಹಗ್ಗವನ್ನೂ ಹಾಗೆಯೇ ಉಳಿಸಿಕೊಂಡರು. ಇತಿಹಾಸಕ್ಕೆ ನಿಷ್ಠರಾಗಿದ್ದಕ್ಕೆ ಚಪ್ಪಾಳೆಯೂ ಬಿತ್ತು.

ನಾನು ಬಿಡಲಿಲ್ಲ. ಸಮಿತಿಯ ಮುಂದೆ ಮತ್ತೆ ಮತ್ತೆ ನಿಂತೆ. ಕೊನೆಗೆ ಅವರು ಬೇಸತ್ತು ಒಂದು ತಿದ್ದುಪಡಿ ಹೊರಡಿಸಿದರು. ಅದರಲ್ಲಿ, ‘ನೇಣಿಗೇರಿಸಿದನು ಎಂದಿರುವಲ್ಲಿ ನೇಣಿಗೇರಿಸಿದರು ಎಂದು ಓದಿಕೊಳ್ಳಬೇಕು, ಮೃತರನ್ನು ಏಕವಚನದಲ್ಲಿ ಸಂಬೋಧಿಸಿದ್ದಕ್ಕೆ ಕುಟುಂಬದವರಲ್ಲಿ ವಿಷಾದಿಸುತ್ತೇವೆ’ ಎಂದಿತ್ತು.

ಇದರಿಂದಲೂ ನಾನು ಸಮಾಧಾನಗೊಳ್ಳದಿದ್ದಾಗ ಗುರುಗಳು ನನ್ನ ಭುಜದ ಮೇಲೆ ಕೈಯಿಟ್ಟರು. ‘ನಿಮ್ಮ ನೋವು ನನಗೆ ಅರ್ಥ ಆಗ್ತದೆ ಸರ್. ಒಂದು ಕೆಲಸ ಮಾಡುವ. ನಿಮ್ಮ ತಂದೆಯವರ ಹೆಸರಿಗೆ ಒಂದು ವಿಶೇಷ ಪೂಜೆ ಇಡುವ. ಇಡೀ ಊರು ಅವರನ್ನು ಕ್ಷಮಿಸಲಿ. ಎಲ್ಲ ಮುಗೀತದೆ’ ಎಂದರು. ಅವರ ಕಣ್ಣಿನಲ್ಲಿ ನಿಜವಾದ ಕರುಣೆಯಿತ್ತು. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಪೂಜೆ ನಡೆಯಿತು. ಹಬ್ಬದ ದಿನಕ್ಕಿಂತ ಹೆಚ್ಚು ಜನ. ರಾಯಪ್ಪ, ಚಿನ್ನಪ್ಪ ಎಂಬ ಸಹೋದರರ ಆತ್ಮಗಳಿಗೆ ಸ್ವರ್ಗದ ಬಾಗಿಲು ತೆರೆಯಲಿ ಎಂದು ಮೊದಲ ಪ್ರಾರ್ಥನೆ. ಆ ಬಾಗಿಲಿನ ಬೀಗದ ಕೈಯನ್ನು ಯೇಸುಸ್ವಾಮಿ ಯಾರ ವಶಕ್ಕೆ ಕೊಟ್ಟಿದ್ದಾರೆಂಬುದು ಜ್ಞಾನೋಪದೇಶ ಕಲಿಯುವ ಮಕ್ಕಳಿಗೂ ಗೊತ್ತು. ಸಾಕ್ಷಾತ್ ಸಂತ ಪೀಟರನನ್ನೇ ಒಳಗೆ ಬಿಟ್ಟುಕೊಳ್ಳಿ ಎಂದು ನಮ್ಮ ಊರು ಸಂತ ಪೀಟರನಿಗೇ ಅಹವಾಲು ಸಲ್ಲಿಸಿತು. ಎರಡನೆಯದು, ಜೋಜಪ್ಪನವರ ಘೋರ ಪಾಪವನ್ನು ಮನ್ನಿಸು ಎಂಬುದು. ಎಲ್ಲರೂ ಮೊಣಕಾಲೂರಿದರು. ಲೂರ್ದಮ್ಮ ಅತ್ತಳು. ಧ್ವನಿವರ್ಧಕದಲ್ಲಿ ರೋಮಾಪುರಿಯ ಗಂಟೆ ಮೊಳಗಿ, ಆ ಪರದೇಶಿ ಮನುಷ್ಯ ಕೆಮ್ಮಿದ. ನಾನೊಬ್ಬನೇ ನಿಂತಿದ್ದೆ. ತಂದೆಯ ಪಾಪಕ್ಕೆ ಮಗನಿಗೆ ಪಶ್ಚಾತ್ತಾಪವಿಲ್ಲವೆಂದು ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದವರ ಹೆಸರೂ ನನಗೆ ಗೊತ್ತು.

ಸಮಿತಿಯ ಮಹನೀಯರೇ, ನಮ್ಮ ತಂದೆಯವರು ತೀರಿಕೊಂಡ ಮಧ್ಯಾಹ್ನ ಗೋಪುರದ ಹಗ್ಗವನ್ನು ಹಿಡಿದವನು ನಾನು. ಸಾವಿನ ಗಂಟೆಯನ್ನು ಒಂದೊಂದಾಗಿ, ನಡುವೆ ಉಸಿರು ಬಿಟ್ಟು ಬಾರಿಸಬೇಕೆಂದು ಅವರೇ ನನಗೆ ಕಲಿಸಿದ್ದರು. ಪಾಳಿ ಬಿಟ್ಟು ಬರುತ್ತಿದ್ದ ಗಿರಣಿಯವರು ರಸ್ತೆಯಲ್ಲೇ ನಿಂತು ಟೋಪಿ ತೆಗೆದರು. ಆಚಾರ್ಯರು ಊಟದ ಎಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದರು. ರಾಯಪ್ಪ ನನ್ನ ಅಂಗೈ ಸುಲಿಯುವವರೆಗೂ ಕೂಗಿದ. ಆ ಕೂಗು ಬಸವನಗುಡಿಯವರೆಗೆ ಕೇಳಿತೆಂದು ಆಮೇಲೆ ಜನ ಹೇಳಿದರು. ನಮ್ಮ ತಂದೆಯವರನ್ನು ನೀವು ಕ್ಷಮಿಸಿದ್ದೀರಿ, ಅದು ನಿಮ್ಮ ದೊಡ್ಡತನ. ಈಗ ಇಷ್ಟು ಮಾತ್ರ ಹೇಳಿ: ತನ್ನನ್ನು ನೇಣಿಗೇರಿಸಿದವನು ಸತ್ತನೆಂದು ಹಾಗೆ ಊರಿಗೆ ಊರೇ ಕೇಳುವಂತೆ ಅತ್ತ ಹುತಾತ್ಮನನ್ನು ನೀವು ಯಾವ ದೇಶದ ಇತಿಹಾಸದಲ್ಲಿ ಕಂಡಿದ್ದೀರಿ?